ಬಸವಪ್ರಸಾದ್ ಆರಿಸಿದ ಆಟಗಾರ

ಬೆಳಿಗ್ಗೆ ಹತ್ತೂವರೆಗೆ ಬಸವಪ್ರಸಾದ್ ತನ್ನ ವರ್ಗಾವಣೆ ಅರ್ಜಿಯನ್ನು ಮೇಜಿನ ಮೇಲೆ ಇಟ್ಟಾಗ ನಾಗರತ್ನ ಮೇಡಂ ಅದನ್ನು ಓದಲಿಲ್ಲ. ಅದರ ಮೇಲೆ ಒಂದು ಬಾಸ್ಕೆಟ್‌ಬಾಲ್ ಇಟ್ಟರು.

ತಿ. ನರಸೀಪುರದ ಆ ಸರ್ಕಾರಿ ಕಚೇರಿ ಯಾವುದು ಅಂತ ನಾನು ಹೇಳುವುದಿಲ್ಲ. ಹೇಳಿದರೆ ವಿವರಣೆ ಕೇಳಿ ನೋಟಿಸ್ ಕಳಿಸುತ್ತಾರೆ. ಆ ಒಂದು ಕೆಲಸದಲ್ಲಿ ಮಾತ್ರ ಅವರು ತಡಮಾಡುವವರಲ್ಲ. ಮೇಡಂ ಅಲ್ಲಿ ಅಧಿಕಾರಿ, ಬಸವಪ್ರಸಾದ್ ಗುಮಾಸ್ತ. ಅವನ ಮನೆ ನಂಜನಗೂಡಿನಲ್ಲಿ. ಏಳು ವರ್ಷದಿಂದ ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡು ಬಂದು ಸಂಜೆ ನಿಂತುಕೊಂಡೇ ಹೋಗುತ್ತಿದ್ದ. ಐದು ವರ್ಷದ ಮಗಳು ಅಪ್ಪನನ್ನು ಭಾನುವಾರದ ನೆಂಟ ಅಂದುಕೊಂಡಿದ್ದಳು. ಈಗ ನಂಜನಗೂಡಿನ ಕಚೇರಿಯಲ್ಲಿ ಒಬ್ಬರು ನಿವೃತ್ತರಾಗಿ ಒಂದೇ ಒಂದು ಜಾಗ ಖಾಲಿಯಾಗಿತ್ತು. ಮೇಡಂ ಶಿಫಾರಸು ಮಾಡಿ ಸಹಿ ಹಾಕಿದರೆ, ಅರ್ಜಿ ಅವತ್ತು ಸಂಜೆ ಐದರೊಳಗೆ ಮೈಸೂರಿನ ಜಿಲ್ಲಾ ಕಚೇರಿಗೆ ಹೋಗಬೇಕಿತ್ತು.

"ಸಹಿ ಹಾಕ್ತೀನಿ ಬಸವಪ್ರಸಾದ್. ಆದ್ರೆ ಈ ವರ್ಷದಿಂದ ಇಲಾಖೆ ಕ್ರೀಡಾಕೂಟದಲ್ಲಿ ಬಾಸ್ಕೆಟ್‌ಬಾಲೂ ಸೇರಿಸಿದಾರೆ. ನಮ್ಮ ತಂಡ ಕಟ್ಬೇಕು, ಇವತ್ತೇ ಹೆಸರು ಹೋಗ್ಬೇಕು."

"ನಮ್ಮಲ್ಲಿ ಆಡೋರು ಯಾರಿದಾರೆ ಮೇಡಂ?"

"ಒಬ್ಬ ಸಾಕು. ಒಬ್ಬ ಗಟ್ಟಿ ಆಟಗಾರ ಸಿಕ್ಕಿದ್ರೆ ಉಳಿದವರನ್ನ ಅವನ ಸುತ್ತ ನಿಲ್ಲಿಸಬಹುದು. ಹೋದ ವರ್ಷ ಹಗ್ಗಜಗ್ಗಾಟದಲ್ಲಿ ನಂಜನಗೂಡಿನೋರು ನಮ್ಮನ್ನ ಎಳೆದು ಚರಂಡಿಗೆ ಹಾಕಿದ್ದು ನಾನಿನ್ನೂ ಮರೆತಿಲ್ಲ. ಆ ಒಬ್ಬನ್ನ ನೀವು ಆರಿಸಿ, ಟಿಪ್ಪಣಿ ಬರೆದು ತನ್ನಿ. ಅದಕ್ಕೂ ನಿಮ್ಮ ಅರ್ಜಿಗೂ ಒಟ್ಟಿಗೇ ಸಹಿ ಹಾಕ್ತೀನಿ."

ಬಸವಪ್ರಸಾದ್ ಚೆಂಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಗೆ ಬಂದ. ಅವನು ಜನ್ಮದಲ್ಲಿ ಆಡಿದ್ದು ಲಗೋರಿ ಒಂದೇ. ಅದರಲ್ಲೂ ಕಲ್ಲು ಜೋಡಿಸುವುದರಾಚೆ ಅವನಿಗೆ ಯಾರೂ ಕೆಲಸ ಕೊಟ್ಟಿರಲಿಲ್ಲ.

ಸುದ್ದಿ ಅವನಿಗಿಂತ ಮುಂಚೆ ಹೊರಗೆ ಬಂದಿತ್ತು. ಟೈಪಿಸ್ಟ್ ಮಂಗಳಮ್ಮ ತಲೆ ಎತ್ತದೆ ತೀರ್ಪು ಕೊಟ್ಟರು: "ಯೋಚನೆ ಯಾಕೆ ಸಾರ್? ನಮ್ಮ ಅಟೆಂಡರ್ ಕಲ್ಲಯ್ಯ ಇಲ್ವಾ? ರೆಕಾರ್ಡ್ ರೂಮಲ್ಲಿ ಏಣಿ ಇಲ್ದೆ ಮೇಲಿನ ಕಟ್ಟು ಇಳಿಸೋನು ಅವನೊಬ್ಬನೇ."

ಆರಡಿ ಎರಡಂಗುಲದ ಕಲ್ಲಯ್ಯ ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಬಂದ. "ನಂಗೇನೂ ಗೊತ್ತಿಲ್ಲ ಸಾ. ಎಲ್ಲಿ ಇಡ್ಬೇಕು ಅಂತ ಏಳಿ, ಇಟ್‌ಬುಡ್ತೀನಿ."

ಆಗ ಹೆಡ್‌ಕ್ಲರ್ಕ್ ಚಿಕ್ಕಸ್ವಾಮಿ ಕನ್ನಡಕವನ್ನು ಹಣೆಗೆ ಏರಿಸಿದರು. ಅವರು ಕನ್ನಡಕ ಏರಿಸಿದರೆ ಒಂದು ಕಡತ ಆರು ತಿಂಗಳು ಮಲಗಿತು ಅಂತ ಲೆಕ್ಕ.

"ಏನ್ರೀ ಬಸವಪ್ರಸಾದ್, ಜ್ಯೇಷ್ಠತಾ ಪಟ್ಟಿ ಅನ್ನೋದೊಂದು ಇದೆ, ಗೊತ್ತು ತಾನೆ? ಮೂವತ್ನಾಲ್ಕು ವರ್ಷ ಸರ್ವಿಸ್ ಆಗಿರೋ ನಾನು ಇಲ್ಲಿ ಕೂತಿರುವಾಗ ಕಲ್ಲಯ್ಯ ಹೆಂಗ್ರೀ ಸ್ಟಾರ್ ಆಗ್ತಾನೆ?"

"ಸಾರ್, ಇದು ಓಡೋ ಆಟ."

"ಓಡೋದು ಬೇರೆಯೋರು ಕಣ್ರೀ. ನನ್ನ ಸುತ್ತ ಓಡ್ಲಿ. ಮೇಡಂ ಹೇಳಿದ್ದೂ ಅದೇ ಅಲ್ವಾ?"

ಕಚೇರಿಯಲ್ಲಿ ಹುಟ್ಟುಹಬ್ಬದ ಕೇಕನ್ನೂ ಜ್ಯೇಷ್ಠತೆ ಪ್ರಕಾರ ಹಂಚುತ್ತಿದ್ದರು. ಚೆಂಡನ್ನು ಹೇಗೆ ಬಿಟ್ಟಾರು? ಕೊನೆಗೆ ಇಬ್ಬರಿಗೂ ಪರೀಕ್ಷೆ ಇಡುವುದೆಂದಾಯಿತು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಇಡೀ ಕಚೇರಿ ಡಬ್ಬಿ ಹಿಡಿದುಕೊಂಡು ಹಿಂದಿನ ಶಾಲೆಯ ಮೈದಾನಕ್ಕೆ ಹೊರಟಿತು.

ಕಲ್ಲಯ್ಯ ಚೆಂಡನ್ನು ಕಡತದ ಹಾಗೆ ಎದೆಗೊತ್ತಿಕೊಂಡು ನೇರವಾಗಿ ರಿಂಗಿನ ಕೆಳಗೆ ಹೋಗಿ ನಿಂತ. ಕೈ ಎತ್ತಿದ. ರಿಂಗು ಇನ್ನೂ ಒಂದು ಮೊಳಕ್ಕಿಂತ ಜಾಸ್ತಿ ಮೇಲಿತ್ತು.

"ಏಣಿ ಬೇಕಾಯ್ತದೆ ಸಾ," ಅಂದ.

ಚಿಕ್ಕಸ್ವಾಮಿ ಮುಗುಳ್ನಕ್ಕು ಅಂಗಿಯ ತೋಳು ಮಡಚಿದರು. ಎರಡೂ ಕೈಯಲ್ಲಿ ಚೆಂಡು ಹಿಡಿದು, ಕೊಟ್ಟಿಗೆಗೆ ನೀರು ಎರಚುವವರಂತೆ ಕೆಳಗಿಂದ ಬೀಸಿದರು. ಚೆಂಡು ರಿಂಗನ್ನು ದಾಟಿ, ಕಾಂಪೌಂಡನ್ನೂ ದಾಟಿ, ರಸ್ತೆಯಲ್ಲಿ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿನ ಮೇಲೆ ಹೋಗಿ ಕೂತಿತು. ಟ್ರ್ಯಾಕ್ಟರ್ ಸಕ್ಕರೆ ಕಾರ್ಖಾನೆ ಕಡೆಗೆ ಹೊರಟಿತ್ತು.

ಕಚೇರಿಗಿದ್ದದ್ದು ಅದೊಂದೇ ಚೆಂಡು. ಬಸವಪ್ರಸಾದ್ ಓಡಿದ. ಟ್ರೈಲರಿನ ಹಿಂದೆ ಕೈಚಾಚಿಕೊಂಡು ಓಡುತ್ತಿದ್ದವನನ್ನು ಡ್ರೈವರ್ ಕನ್ನಡಿಯಲ್ಲಿ ಕಂಡ.

"ಲೇ, ಕಬ್ಬು ಕೀಳ್ತೀಯೇನ್ಲಾ? ಇಷ್ಟ್ ವಯಸ್ಸಾಗದೆ, ನಾಚ್ಕೆ ಆಗಕಿಲ್ವಾ?"

"ಕಬ್ಬಲ್ಲ ಕಣಪ್ಪಾ, ಚೆಂಡು! ಚೆಂಡು!"

"ಎಲ್ರೂ ಇಂಗೇ ಒಂದೊಂದ್ ಏಳ್ತಾರೆ!" ಎಂದು ಅವನು ಇನ್ನೂ ಜೋರಾಗಿ ಓಡಿಸಿದ. ಒಬ್ಬ ದೊಡ್ಡ ಮನುಷ್ಯನೇ ಕಬ್ಬಿಗೆ ಓಡುತ್ತಿದ್ದಾನೆಂದು ಧೈರ್ಯ ಬಂದು, ಟೀ ಅಂಗಡಿಯ ಮುಂದಿದ್ದ ಇಬ್ಬರು ಎರಡೆರಡು ಜಲ್ಲೆ ಎಳೆದುಕೊಂಡರು. ಬಸವಪ್ರಸಾದನಿಗೆ ಸಿಕ್ಕಿದ್ದು ಕಿತ್ತುಹೋದ ಚಪ್ಪಲಿ ಮಾತ್ರ.

ಅಷ್ಟರಲ್ಲಿ ಒಂದು ಬೈಕು ಅವನನ್ನು ದಾಟಿ ಹೋಯಿತು. ಮೂರು ವಾರದ ಹಿಂದೆ ಕೆಲಸಕ್ಕೆ ಸೇರಿದ್ದ ಗುಮಾಸ್ತ ಪ್ರೇಮ್‌ಕುಮಾರ್. ಐದಡಿ ನಾಲ್ಕಂಗುಲದ ಹುಡುಗ. ಕೇಳಿದ್ದಕ್ಕೆ ಉತ್ತರ, ಇಲ್ಲದಿದ್ದರೆ ಮೌನ. ಅವನು ತಿರುವಿನಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ಚೆಂಡು ಇಳಿಸಿಕೊಂಡು, ಬಸವಪ್ರಸಾದನನ್ನು ಹಿಂದೆ ಕೂರಿಸಿಕೊಂಡು ಶಾಲೆಗೆ ಬಂದ. ಗೇಟಿನ ಹತ್ತಿರ ಬೈಕ್ ನಿಲ್ಲಿಸಿ, ಇಳಿಯದೆ, ಕೂತಲ್ಲಿಂದಲೇ ಚೆಂಡು ಎಸೆದ. ಅದು ಕಬ್ಬಿಣಕ್ಕೆ ತಾಗದೆ ರಿಂಗಿನ ನಡುವೆ ಇಳಿಯಿತು.

ಮಂಗಳಮ್ಮನ ಕೈಯಲ್ಲಿದ್ದ ಮುದ್ದೆ ತುತ್ತು ಕೈಯಲ್ಲೇ ಉಳಿಯಿತು.

"ಯೂನಿವರ್ಸಿಟಿ ಟೀಮಲ್ಲಿ ಮೂರು ವರ್ಷ ಆಡಿದೀನಿ ಸರ್. ಯಾರೂ ಕೇಳ್ಲಿಲ್ಲ, ಅದಕ್ಕೆ ಹೇಳ್ಲಿಲ್ಲ," ಅಂದ ಪ್ರೇಮ್‌ಕುಮಾರ್.

ಬಸವಪ್ರಸಾದ್ ಅವನನ್ನು ತಬ್ಬಿಕೊಂಡೇಬಿಟ್ಟ. ಅವನಿಗೆ ಆದ ಸಂತೋಷ ಸಣ್ಣದಲ್ಲ. ಮನೆಗೆ ಫೋನ್ ಮಾಡಿ ಹೆಂಡತಿ ಸುನೀತಾಗೆ, "ನನ್ನ ಅರ್ಜಿ ಇವತ್ತು ಹೋಗುತ್ತೆ ಕಣೇ," ಅಂದ.

"ಹೋದ ವರ್ಷಾನೂ ಹಿಂಗೇ ಅಂದ್ರಿ."

"ಈ ಸಲ ಒಳ್ಳೆ ಆಳು ಸಿಕ್ಕಿದಾನೆ ಕಣೇ."

ಆದರೆ ಚಿಕ್ಕಸ್ವಾಮಿಯ ಕನ್ನಡಕ ಮತ್ತೆ ಹಣೆಗೆ ಏರಿತ್ತು. "ಸೇರಿ ಇನ್ನೂ ಮೂರೇ ವಾರ. ನನ್ನನ್ನ ಮೀರಿ ಅವನನ್ನ ಆರಿಸೋದಾದ್ರೆ ಕಾರಣ ಬಲವಾಗಿರ್ಬೇಕು. ಇಲ್ದಿದ್ರೆ ನನ್ನ ಆಕ್ಷೇಪಣೆ ಬರವಣಿಗೆಯಲ್ಲಿ ಬರುತ್ತೆ."

ಬಸವಪ್ರಸಾದ್ ಕೂತು ಬರೆದ. ಏಳು ವರ್ಷದ ಬಸ್ ಪ್ರಯಾಣದ ಸಂಕಟವನ್ನೆಲ್ಲ ಆ ಟಿಪ್ಪಣಿಗೆ ಸುರಿದ. 'ಸದರಿ ನೌಕರರಿಗೆ ಸರಿಸಮಾನರಾದ ಆಟಗಾರರು ಇಡೀ ಜಿಲ್ಲೆಯ ಇಲಾಖೆಯಲ್ಲಿ ಇರುವುದಿಲ್ಲ. ಇವರು ಯಾವ ಕಚೇರಿಯಲ್ಲಿರುತ್ತಾರೋ ಆ ಕಚೇರಿಗೆ ಗೆಲುವು ಖಚಿತ.'

ಚಿಕ್ಕಸ್ವಾಮಿ ಎರಡು ಸಲ ಓದಿದರು. "ಕಾರಣ ಪರವಾಗಿಲ್ಲ. ಪ್ರತಿ ಎಲ್ಲೆಲ್ಲಿಗೆ ಹಾಕಿದೀರಿ?"

"ಇದಕ್ಕೂ ಪ್ರತಿ ಕಳಿಸ್ಬೇಕಾ ಸಾರ್?"

"ಜ್ಯೇಷ್ಠತೆ ಮೀರಿದ ಟಿಪ್ಪಣಿ ಕಣ್ರೀ! ಜಿಲ್ಲಾ ಕಚೇರಿಗೆ ಒಂದು, ಎಲ್ಲಾ ತಾಲ್ಲೂಕಿಗೂ ಒಂದೊಂದು. ಗುಟ್ಟಾಗಿ ಮಾಡಿದ್ರು ಅಂತ ನಾಳೆ ಯಾರೂ ಬೆರಳು ತೋರಿಸ್ಬಾರದು."

ಬಸವಪ್ರಸಾದನಿಗೆ ಈ ಮುದುಕರ ಬಾಯಿ ಮುಚ್ಚಿದರೆ ಸಾಕಾಗಿತ್ತು. ಮೀಟಿಂಗಿಗೆ ಹೋಗಿದ್ದ ಮೇಡಂಗೆ ಫೋನ್ ಮಾಡಿದರೆ, "ಕಳಿಸಿಬಿಡಿ, ಬಂದು ಎರಡಕ್ಕೂ ಸಹಿ ಹಾಕ್ತೀನಿ," ಅಂದರು. ಎರಡೂವರೆಗೆ ಬಸವಪ್ರಸಾದ್ ತಾನೇ ಕಂಪ್ಯೂಟರಿನ ಮುಂದೆ ಕೂತು, ಒಂದು ತಾಲ್ಲೂಕನ್ನೂ ಬಿಡದೆ ಎಲ್ಲರಿಗೂ ಮೇಲ್ ಕಳಿಸಿದ.

ನಾಲ್ಕೂವರೆಗೆ ಮೇಡಂ ಬಂದರು. ಟಿಪ್ಪಣಿಗೆ ಸಹಿ ಹಾಕಿದರು, ಅರ್ಜಿಗೂ ಹಾಕಿದರು, ಸೀಲೂ ಒತ್ತಿಸಿದರು. ಬಸವಪ್ರಸಾದ್ ಅರ್ಜಿ ಕಳಿಸಲು ಮೇಲ್ ತೆರೆದ. ಅಲ್ಲಿ ಜಿಲ್ಲಾ ಕಚೇರಿಯಿಂದ ಒಂದು ಆದೇಶ ಆಗಲೇ ಬಂದು ಕೂತಿತ್ತು.

ಅವನು ಅದನ್ನು ನಿಂತುಕೊಂಡೇ ಓದಿದ. ನಂಜನಗೂಡು ಕಚೇರಿಯವರ ತುರ್ತು ಕೋರಿಕೆಯ ಮೇರೆಗೆ, ಅಲ್ಲಿ ಖಾಲಿ ಇರುವ ಏಕೈಕ ಹುದ್ದೆಗೆ ಶ್ರೀ ಪ್ರೇಮ್‌ಕುಮಾರ್ ಅವರನ್ನು ನಾಳೆಯಿಂದಲೇ ನಿಯೋಜಿಸಲಾಗಿತ್ತು. ಕೆಳಗೆ ಉಲ್ಲೇಖ: ಶ್ರೀ ಬಸವಪ್ರಸಾದ್ ಇವರ ಟಿಪ್ಪಣಿ. ಕಾರಣ: 'ಇವರು ಯಾವ ಕಚೇರಿಯಲ್ಲಿರುತ್ತಾರೋ ಆ ಕಚೇರಿಗೆ ಗೆಲುವು ಖಚಿತ.'

ಏಳು ವರ್ಷದಲ್ಲಿ ಅಲುಗದ ಸರ್ಕಾರ ಎರಡು ಗಂಟೆಯಲ್ಲಿ ಅಲುಗಿತ್ತು.

"ಸರ್, ನಾನು ಇಲ್ಲೇ ಮನೆ ಮಾಡಿದೀನಿ," ಪ್ರೇಮ್‌ಕುಮಾರ್ ಅಳುವಂತಾಗಿದ್ದ. "ಮೊನ್ನೆ ತಾನೇ ಹಾಲು ಉಕ್ಕಿಸಿದ್ವಿ."

ಬಸವಪ್ರಸಾದನಿಗೂ ಅಳು ಬಂತು. ಸುನೀತಾಗೆ ಏನು ಹೇಳುವುದು, ಮಗಳಿಗೆ ಏನು ಹೇಳುವುದು ಅಂತ ತೋಚದೆ ಸಹಿಯಾದ ಅರ್ಜಿ ಹಿಡಿದುಕೊಂಡು ಮೇಡಂ ಕೋಣೆಗೆ ಹೋದ. ಮೇಡಂ ಆದೇಶವನ್ನು ಫೋನಿನಲ್ಲಿ ನೋಡಿ ಮುಗಿಸಿದ್ದರು.

"ಕೊಟ್ಟ ಮಾತು ತಪ್ಪಲ್ಲ ಬಸವಪ್ರಸಾದ್, ಸಹಿ ಹಾಕಿದೀನಿ. ಜೋಪಾನವಾಗಿ ಇಟ್ಕೊಳ್ಳಿ. ನಂಜನಗೂಡಲ್ಲಿ ಇನ್ನೊಬ್ಬರು ರಿಟೈರ್ ಆದಾಗ ಬೇಕಾಗುತ್ತೆ."

"ಅದು ಯಾವಾಗ ಮೇಡಂ?"

ಬಾಗಿಲಲ್ಲಿ ನಿಂತಿದ್ದ ಚಿಕ್ಕಸ್ವಾಮಿಯ ಕೈಯಲ್ಲಿ ಜ್ಯೇಷ್ಠತಾ ಪಟ್ಟಿ ಸಿದ್ಧವಾಗಿತ್ತು. "ಎರಡು ಸಾವಿರದ ಮೂವತ್ತೊಂದು, ಮೇ ತಿಂಗಳು," ಅಂದರು.

ಬಸವಪ್ರಸಾದ್ ಕಿತ್ತ ಚಪ್ಪಲಿ ಎಳೆಯುತ್ತ ಹೊರಟ. ಮೇಡಂ ಹಿಂದಿನಿಂದ ಕೂಗಿದರು:

"ನಾಳೆ ಬೆಳಿಗ್ಗೆ ಇನ್ನೊಬ್ಬ ಆಟಗಾರನ್ನ ಹುಡುಕಿ. ಈ ಸಲ ಯಾರಿಗೂ ಪ್ರತಿ ಕಳಿಸ್ಬೇಡಿ."