ಈಶ್ವರನ್ ಹೊಟ್ಟೆಯ ಕೊರಿಯಾ ಮದ್ದು

ಕಾಮಯಗೌಂಡನ್‌ಪಟ್ಟಿಯ ದ್ರಾಕ್ಷಿ ಬೆಳೆಗಾರ ಈಶ್ವರನ್‌ಗೆ ಹೆಂಡತಿ ಮುತ್ತುಸೆಲ್ವಿಯ ಮೇಲೆ ಅನುಮಾನ ಹುಟ್ಟಿದ್ದು ಒಂದು ಜಾಡಿಯಿಂದ. ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಬಾಯಿಗೆ ಬಟ್ಟೆ ಬಿಗಿದುಕೊಂಡು ಕೂತಿದ್ದ ಜಾಡಿ. ಬೆಳಗಾದರೆ ಸಾಕು, ಅವಳು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಬಟ್ಟೆ ಬಿಚ್ಚುತ್ತಾಳೆ, ಮೂಸುತ್ತಾಳೆ, ತನ್ನಷ್ಟಕ್ಕೆ ನಗುತ್ತಾಳೆ, “ಮಾಶಿಸ್ಸೋಯೋ” ಎನ್ನುತ್ತಾಳೆ. ಆ ಮಾತು ಮನೆಯೊಳಗಿನ ಕನ್ನಡವೂ ಅಲ್ಲ, ಬೀದಿಯ ತಮಿಳೂ ಅಲ್ಲ. ಮಂತ್ರವಲ್ಲದೆ ಇನ್ನೇನು?

“ಏನ್ ಸೆಲ್ವಿ ಅದು?”

“ಕಿಮ್ಚಿ ಮಾವಾ. ಕೋಸಿಗೆ ಉಪ್ಪು, ಮೆಣಸಿನಪುಡಿ, ಬೆಳ್ಳುಳ್ಳಿ, ಶುಂಠಿ ಹಚ್ಚಿ ಹುಳಿ ಬರ್ಸೋದು. ಕೊರಿಯಾದಾಗೆ ದಿನಾ ಉಣ್ತಾರಂತೆ. ಫೋನಿನಾಗೆ ಒಬ್ಬ ಅಕ್ಕ ಹೇಳ್ಕೊಡ್ತಾಳೆ. ಮಾಶಿಸ್ಸೋಯೋ ಅಂದ್ರೆ ರುಚಿಯಾಗೈತೆ ಅಂತ.”

“ರುಚಿಯಾಗಿರೋದನ್ನ ಯಾಕೆ ಬಚ್ಚಿಡ್ತೀಯ?”

“ಬಿಸ್ಲು ತಗುಲ್ಬಾರ್ದು!”

ಈಶ್ವರನ್ ನಂಬಲಿಲ್ಲ. ಇಡ್ಲಿ, ಕೊಳಂಬು ಸಾರು ಮಾತ್ರ ಕಂಡಿದ್ದ ಅಡುಗೆಮನೆಯಲ್ಲಿ ಈಗ ಕಿಮ್ಚಿ ಹಾಕಿ ಹುರಿದ ಅನ್ನ, ಅದರ ನೆತ್ತಿಯ ಮೇಲೊಂದು ಮೊಟ್ಟೆ, ಮೊಳಕೆ ಕಾಳಿನ ತಿಳಿಸಾರು. ರುಚಿ ಚೆನ್ನಾಗಿಯೇ ಇತ್ತು. (ವಶೀಕರಣದ ಮದ್ದು ಹಾಕುವವರು ರುಚಿ ಕೆಡಿಸುತ್ತಾರೆಯೇ?) ಅನುಮಾನ ಗಟ್ಟಿಯಾದದ್ದು ಬೇರೆ ವಿಷಯಕ್ಕೆ. ಮುತ್ತುಸೆಲ್ವಿ ಮೊನ್ನೆ, “ವೇದಸಂದೂರಿಂದ ನನ್ನ ತಮ್ಮ ವೇಲು ಹೆಂಡ್ತಿ ಮಕ್ಕಳ ಸಮೇತ ಬಂದು ಒಂದು ತಿಂಗ್ಳು ಇರ್ತಾನೆ” ಎಂದಾಗ ಇವನು ತಲೆಯಾಡಿಸಿಬಿಟ್ಟಿದ್ದ. ಮುಂದಿನ ಕೋಣೆ ಅವರಿಗೆ ಎಂದಾಗಲೂ ತಲೆಯಾಡಿಸಿದ. “ನೀವು ಬಾಗಿಲಾಚೆ ತಿಣ್ಣೆ ಮೇಲೆ ಮಲಗಿ ಮಾವಾ” ಎಂದಾಗ ತಾನೇ ಹೋಗಿ ಚಾಪೆ ಝಾಡಿಸಿದ್ದ!

ಇದೇ ಈಶ್ವರನ್ ಅಲ್ಲವೇ, ಮಾದವನ್‌ನ ಟೀ ಅಂಗಡಿಯ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ, ಹೆಂಡತಿಯನ್ನು ಹದ್ದುಬಸ್ತಿನಲ್ಲಿಡುವುದು ಹೇಗೆಂದು ಊರಿಗೆಲ್ಲ ಉಪನ್ಯಾಸ ಕೊಡುತ್ತಿದ್ದವನು? ಆ ಬೆಂಚಿನ ಮರ್ಯಾದೆ ಹೋದರೆ ಅವನಿಗೆ ಈ ಊರಲ್ಲಿ ಇನ್ನೇನು ಉಳಿಯಿತು?

ಪರೀಕ್ಷೆ ಮಾಡಿಯೇ ಬಿಡೋಣವೆಂದು ಮಧ್ಯಾಹ್ನ ಕಾಗೆಗಿಡುವ ಅನ್ನಕ್ಕೆ ಕಿಮ್ಚಿ ಕಲಸಿ ಗೋಡೆಯ ಮೇಲಿಟ್ಟ. ದಿನಾ ಬರುವ ಕಾಗೆ ಬಂತು. ಕತ್ತು ಆಚೆ ವಾಲಿಸಿ ನೋಡಿತು, ಈಚೆ ವಾಲಿಸಿ ನೋಡಿತು, ಹಾರಿ ಪಕ್ಕದ ಮನೆ ಗೋಡೆಗೆ ಹೋಯಿತು. ಸತ್ತ ಅಪ್ಪನೇ ಬಂದು ಎಚ್ಚರಿಸಿ ಹೋದ ಹಾಗಾಯಿತು. ಈಶ್ವರನ್ ಒಳಗೆ ಓಡಿದ.

“ಅವ್ವಾ, ಸೆಲ್ವಿ ನಂಗೆ ಮದ್ದು ಹಾಕವ್ಳೆ! ಗಂಡ ತಾನು ಹೇಳ್ದಂಗೆ ಕೇಳ್ಲಿ ಅಂತ!”

ತಾಯಿ ಮುನಿಯಮ್ಮಾಳ್ ಕಿಮ್ಚಿಯ ಬಟ್ಟಲು ಬೆರಳಲ್ಲಿ ಬಳಿಯುತ್ತಿದ್ದಳು. “ನಾನೂ ಉಣ್ತಾ ಇದೀನಲ್ಲಡಾ. ನಾನೇನು ಅವಳ ಮಾತು ಕೇಳ್ತೀನಾ?”

“ನಿಂಗೆ ಯಾವ ಮದ್ದೂ ನಾಟಲ್ಲ, ಬಿಡವ್ವಾ.”

ಅಲ್ಲಿಗೆ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದ. ನೇರ ಟೀ ಅಂಗಡಿಗೆ ಹೋಗಿ ಕೊರಿಯಾದ ಜಾಡಿಯ ಸಮಾಚಾರವನ್ನೆಲ್ಲ ಬಿಚ್ಚಿಟ್ಟ. ಬೆಂಚು ಮರುಗಿತು. ಮಾದವನ್ ಬಿಸಿ ವಡೆ ಕೈಗಿಟ್ಟು, “ಪೆರಿಯಕುಳಂ ವೈದ್ಯರ ಹತ್ರ ಹೋಗಣ್ಣಾ, ಸೊಪ್ಪಿನ ರಸ ಕುಡಿಸಿ ಕಕ್ಕಿಸ್ತಾರೆ” ಎಂದ. ಅಯ್ಯೋ ಪಾಪ, ಎಂಥ ಹುಲಿಯಂಥ ಗಂಡಸು, ಹೆಂಡತಿಯ ಕೈಯಲ್ಲಿ ಹೀಗಾದನಲ್ಲ ಎಂದು ಎಲ್ಲರೂ ಲೊಚಗುಟ್ಟಿದರು. ಹುಲಿಗೆ ಹಿತವಾಯಿತು.

ಮಾರನೆಯ ದಿನ ತಾಯಿಯ ಜೊತೆ ಬಸ್ಸು ಹತ್ತಿದ. ವೈದ್ಯರು ಕುಡಿಸಿದ ಹಸಿರು ರಸಕ್ಕೆ ಈಶ್ವರನ್ ತಾನು ಉಂಡಿದ್ದನ್ನೆಲ್ಲ ಹಿತ್ತಲಿಗೆ ಅರ್ಪಿಸಿದ. ವೈದ್ಯರು ಕಡ್ಡಿಯಲ್ಲಿ ಕೆದಕಿ ನೋಡಿದರು.

“ಮದ್ದೂ ಇಲ್ಲ, ಗಿದ್ದೂ ಇಲ್ಲ. ಕೋಸು ಅಷ್ಟೇ.”

“ಸರಿಯಾಗಿ ನೋಡಿ ವೈದ್ಯರೇ! ಅವಳು ಹೇಳಿದ್ದಕ್ಕೆಲ್ಲ ತಲೆಯಾಡಿಸ್ತೀನಿ!”

“ಅದು ನಿನ್ನ ಸ್ವಭಾವ ಕಣಪ್ಪಾ.”

“ಇವನಪ್ಪನೂ ಹಿಂಗೇ ಇದ್ರು,” ಎಂದಳು ಮುನಿಯಮ್ಮಾಳ್, ಸೆರಗಲ್ಲಿ ಮಗನ ಬಾಯಿ ಒರೆಸುತ್ತ. “ನಾನೇನು ಮದ್ದಾ ಹಾಕಿದ್ದೆ?”

ವಾಪಸು ಬಸ್ಸಿನಲ್ಲಿ ದಾರಿಯುದ್ದಕ್ಕೂ ಈಶ್ವರನ್‌ಗೆ ಒಂದೇ ಚಿಂತೆ. ಮದ್ದಿದ್ದರೆ ಹುಲಿ, ಮದ್ದಿಲ್ಲವೆಂದರೆ ಬರೀ ಹೆಂಡತಿಗೆ ಹೆದರುವ ಗಂಡ! ಬೆಂಚಿನವರು ಕೇಳಿದರೆ ಏನು ಹೇಳುವುದು? ಮನೆಗೆ ಬಂದವನೇ ಮುತ್ತುಸೆಲ್ವಿಯ ಮುಂದೆ ಎಲ್ಲವನ್ನೂ ಒಪ್ಪಿಸಿ ಕೈಮುಗಿದ.

“ಯಾರಾದ್ರೂ ಕೇಳಿದ್ರೆ ಮದ್ದು ಹಾಕಿದ್ದು ನಿಜ ಅನ್ನು ಸೆಲ್ವಿ. ನನ್ನ ಮಾನ ಉಳ್ಸು.”

ಮುತ್ತುಸೆಲ್ವಿ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. “ನಿಮ್ಮ ಮಾನಕ್ಕೆ ನಾನು ಊರಾಗೆ ಮಾಟಗಾತಿ ಆಗ್ಬೇಕಾ? ಆಗ್ತೀನಿ. ಇನ್ಮೇಲೆ ಕಿಮ್ಚಿ ಹಾಕೋ ಕೆಲ್ಸ ನಿಮ್ದು.”

ಕೋಸು ತಾನೇ ಎಂದು ಒಪ್ಪಿಕೊಂಡ. ಅವಳು ಮಾತಿಗೆ ತಪ್ಪಲಿಲ್ಲ. ಕೊಳಾಯಿಯ ಹತ್ತಿರ ಕೇಳಿದ ಹೆಂಗಸರಿಗೆಲ್ಲ, “ಹೂಂ, ಹಾಕಿದ್ದು ನಿಜ, ಚೆನ್ನಾಗಿ ನಾಟೈತೆ” ಎಂದಳು. ಮರುದಿನ ಬೆಳಗ್ಗೆ ಈಶ್ವರನ್ ಬಾಗಿಲು ತೆಗೆದು ನೋಡಿದರೆ ಬೆಂಚಿನ ಅಷ್ಟೂ ಗಂಡಸರ ಹೆಂಡಂದಿರು ಡಬ್ಬಿ ಹಿಡಿದುಕೊಂಡು ಸಾಲಾಗಿ ನಿಂತಿದ್ದರು.

ಹಿತ್ತಲಲ್ಲಿ ಮೊಣಕೈವರೆಗೆ ಮೆಣಸಿನಪುಡಿ ಮೆತ್ತಿಕೊಂಡು, ಮೂಗು ಸೊರಗುಟ್ಟಿಸುತ್ತ ಅವನು ಕೋಸಿನ ಎಲೆಗೆ ಖಾರ ಸವರುತ್ತಿರುವಾಗ ಒಳಗಿನಿಂದ ಕೂಗು ಬಂತು.

“ಬೇಗ ಆಗ್ಲಿ ಮಾವಾ! ಮಾದವನ್ ಹೆಂಡ್ತಿ ಕಾಯ್ತಾವ್ಳೆ. ಅವಳ ಗಂಡ ಸ್ವಲ್ಪ ಮೊಂಡನಂತೆ, ಎರಡು ಹಿಡಿ ಜಾಸ್ತಿ ಹಾಕಿ!”