ಬುತ್ತಿಯ ಜತೆ ಹೋದ ದಿನ

ಮಗಳು ಸವಿತಾ ಹಿರೇಕೆರೂರಿನಲ್ಲಿ ಬಿ.ಇಡಿ.ಗೆ ಸೇರಿದ ದಿನವೇ ಏನೇನು ಕೆಡಬಹುದು ಎಂಬುದನ್ನೆಲ್ಲ ನಾನು ಯೋಚಿಸಿ ಮುಗಿಸಿದ್ದೆ. ವಿದ್ಯಾರ್ಥಿವೇತನ ಬಾರದೆ ಹೋಗಬಹುದು. ಬಂದರೂ ನಾವು ಮರೆತೇಬಿಟ್ಟ ಯಾವುದೋ ಹಳೆಯ ಖಾತೆಗೆ ಹೋಗಿ ಬೀಳಬಹುದು. ಮಾಲೀಕರು ರೂಮಿನ ಬಾಡಿಗೆ ಏರಿಸಬಹುದು. ಏರಿಸದಿದ್ದರೆ ಆ ರೂಮಿನಲ್ಲೇ ಏನೋ ಐಬಿರಬಹುದು. ಖರ್ಚು ಉಳಿಸಲು ಹುಡುಗಿ ಊಟ ಬಿಟ್ಟು ಕಾಮಾಲೆ ತಂದುಕೊಳ್ಳಬಹುದು. ಎಲ್ಲ ಸರಿಹೋದರೂ ತರಗತಿಯಲ್ಲಿ ನಿಂತಾಗ ಅವಳಿಗೆ ನನ್ನ ಹಾಗೆ ಬಾಯಿ ಒಣಗಬಹುದು. ಇಷ್ಟನ್ನೂ ಹೆಂಡತಿ ಗಿರಿಜಾಳ ಮುಂದೆ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ, "ಭೂಕಂಪ ಒಂದ ಬಿಟ್ರಿ ನೋಡ್ರಿ," ಎಂದಳು.

ಹಾನಗಲ್ಲಿನಲ್ಲಿ ನನ್ನದೊಂದು ಪೆನ್ನು-ಪುಸ್ತಕದ ಅಂಗಡಿ. ಶಿಕ್ಷಕರಾಗುವ ಓದಿಗೆ ಶುಲ್ಕ, ಬಾಡಿಗೆ ಇಷ್ಟೇ ಖರ್ಚು ಎಂದುಕೊಂಡವರು ಪಾಠಾಭ್ಯಾಸವನ್ನು ಕಂಡಿಲ್ಲ. ಶಾಲೆಗೆ ಹೋಗಿ ಮಾಡುವ ಒಂದೊಂದು ಪಾಠಕ್ಕೂ ಚಾರ್ಟು ಬೇಕು, ಮಾದರಿ ಬೇಕು. ಹೃದಯ ಒಂದು ವಾರ, ಜ್ವಾಲಾಮುಖಿ ಒಂದು ವಾರ. ಸವಿತಾ ರಜೆಗೆ ಬಂದು ಹೋದಳೆಂದರೆ ಅಂಗಡಿಯಲ್ಲಿ ಥರ್ಮಾಕೋಲು, ಬಣ್ಣದ ಹಾಳೆ, ಗೋಂದು ಯಾವುದೂ ಉಳಿಯುತ್ತಿರಲಿಲ್ಲ. ನನ್ನ ಅತಿ ದೊಡ್ಡ ಗಿರಾಕಿ ಅವಳೇ; ರೊಕ್ಕ ಕೊಡದ ಗಿರಾಕಿಯೂ ಅವಳೇ.

ಎರಡನೆಯ ವರ್ಷ ವಿದ್ಯಾರ್ಥಿವೇತನ ತಡವಾಯಿತು. ಒಂದು ಸಂಜೆ ಫೋನು ಬಂತು. "ಅಪ್ಪಾ, ನಾ ಬಿಟ್ಟ ಬರ್ತೇನಿ. ಮೆಸ್ಸಿನ ರೊಕ್ಕ ಎಲ್ಲಿಂದ ತರ್ತಿ ನೀ? ಹಾನಗಲ್ಲಾಗ ಬಟ್ಟಿ ಅಂಗಡ್ಯಾಗ ಕೆಲಸ ಐತಂತ." ಇಷ್ಟೆಲ್ಲ ಅನಾಹುತ ಊಹಿಸಿದ್ದ ನನಗೆ, ಅವಳೇ ಬಿಡುತ್ತೇನೆ ಎನ್ನಬಹುದೆಂದು ಹೊಳೆದಿರಲೇ ಇಲ್ಲ. ಗಿರಿಜಾ ಫೋನು ಕಸಿದುಕೊಂಡು, "ರೊಟ್ಟಿ ನಾ ಕಳಸ್ತೇನಿ. ನೀ ಬಾಯಿ ಮುಚ್ಕೊಂಡ ಓದ," ಎಂದಳು.

ಮರುದಿನದಿಂದ ಬೆಳಗಿನ ಬಸ್ಸಿಗೆ ಬುತ್ತಿ ಹೊರಟಿತು. ನಮ್ಮ ಕಡೆ ಇದು ಹೊಸದಲ್ಲ. ಓದುವ ಮಕ್ಕಳ ಊಟ ಡ್ರೈವರನ ಪಕ್ಕ ಕೂತು ಊರೂರು ದಾಟುತ್ತದೆ. ರೊಟ್ಟಿ, ಪಲ್ಯ, ಶೇಂಗಾ ಚಟ್ನಿಯ ಗಂಟನ್ನು ಕಂಡಕ್ಟರನ ಕೈಗೆ ಕೊಟ್ಟರಾಯಿತು. ಹಿರೇಕೆರೂರಿನ ನಿಲ್ದಾಣದಲ್ಲಿ ಸವಿತಾ ಇಳಿಸಿಕೊಳ್ಳುವಳು. ದಿನ ಬಿಟ್ಟು ದಿನ ಅವಳ ರೂಮಿನ ಗೆಳತಿ ಶಬಾನಾಳ ಮನೆಯಿಂದ, ಸವಣೂರಿನಿಂದ ಬುತ್ತಿ ಬರುವುದು. ಇಬ್ಬರೂ ಹಂಚಿಕೊಂಡು ಉಣ್ಣುವರು. ಮೆಸ್ಸು ನಿಂತಿತು, ಓದು ನಿಲ್ಲಲಿಲ್ಲ. ನಾನು ಮಾತ್ರ ಫೋನು ಮಾಡಿ, "ಮುಟ್ಟಿತೇನವಾ?" ಎನ್ನುವುದನ್ನು ಬಿಡಲಿಲ್ಲ. ಯಾವಾಗ ಕೇಳಿದರೂ ಮುಟ್ಟಿರುತ್ತಿತ್ತು.

ಕೊನೆಗೆ ಪರೀಕ್ಷಾ ಪಾಠದ ದಿನ ಬಂತು. ಹೊರಗಿನ ಪರೀಕ್ಷಕರು ಹಿಂದೆ ಕುಳಿತು ನೋಡುವ ಪಾಠ ಅದು. ಕೆಟ್ಟರೆ ಮತ್ತೊಂದು ವರ್ಷದ ಶುಲ್ಕ, ಬಾಡಿಗೆ. ಅದು ನಮ್ಮ ಕೈಲಾಗದೆಂದು ಮೂವರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಅಂಥ ದಿನ ಕಂಡಕ್ಟರ್ ಮರೆತು, ಹುಡುಗಿ ಹಸಿದು ನಿಂತರೆ? ನಾನೇ ಬುತ್ತಿಯ ಜತೆ ಬಸ್ಸು ಹತ್ತಿದೆ. "ಇತ್ಲಾಗ ಕೊಡ್ರಿ, ಮುಂದ ಇಡ್ತೇನಿ," ಎಂದ ಕಂಡಕ್ಟರ್. ನಾನು ಕೊಡಲಿಲ್ಲ. ಮೊದಲು ತೊಡೆಯ ಮೇಲಿಟ್ಟುಕೊಂಡೆ. ಪಲ್ಯದ ಎಣ್ಣೆ ಸೋರೀತೆಂದು ಕಾಲ ಬುಡಕ್ಕಿಟ್ಟೆ. ಯಾರಾದರೂ ತುಳಿದಾರೆಂದು ಕೊನೆಗೆ ತಲೆಯ ಮೇಲಿನ ಸಾಮಾನಿನ ಕಂಬಿಗೇರಿಸಿದೆ. ಹಿರೇಕೆರೂರಿನಲ್ಲಿ ಕಿಟಕಿಯಿಂದಲೇ ಸವಿತಾ ಕಂಡಳು: ಇಸ್ತ್ರಿಯ ಸೀರೆ, ಕಂಕುಳಲ್ಲಿ ಸುತ್ತಿದ ಚಾರ್ಟು, ಥೇಟ್ ಮೇಡಮ್ಮು. ಕಣ್ಣೊರೆಸಿಕೊಳ್ಳುತ್ತ ಇಳಿದೆ. ಬಸ್ಸು ಮಾಸೂರಿನ ಕಡೆ ಹೊರಟುಹೋಯಿತು.

"ಅಪ್ಪಾ, ಬುತ್ತಿ?"

ನಾನು ನನ್ನ ಎರಡೂ ಕೈ ನೋಡಿಕೊಂಡೆ. ಸವಿತಾಳ ಮುಖ ಒಂದು ಕ್ಷಣ ಇಳಿಯಿತು. ಪಕ್ಕದಲ್ಲಿದ್ದ ಶಬಾನಾ, "ಇರ್ಲಿ ಬಿಡ್ರಿ ಕಾಕಾ, ಬುತ್ತಿಗಿಂತ ನೀವ ಭಾರ ಅದೀರಿ," ಎಂದು ನಕ್ಕು, ಅವಳನ್ನು ರೂಮಿಗೆ ಎಳೆದೊಯ್ದು ಅವಲಕ್ಕಿ ಕಲಸಿಕೊಟ್ಟಳು. ಪಾಠ ಚೆನ್ನಾಗಿಯೇ ಆಯಿತು. ಆಮೇಲೆ ವಿದ್ಯಾರ್ಥಿವೇತನವೂ ಬಂತು, ಅವಳು ಪಾಸೂ ಆದಳು.

ಪಾಠದ ದಿನ ಮಧ್ಯಾಹ್ನ ನಾನು ಊರಿಗೆ ಮರಳಲು ನಿಲ್ದಾಣಕ್ಕೆ ಬಂದಾಗ, ಮಾಸೂರಿನಿಂದ ಮರಳಿದ ಅದೇ ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ಗಂಟು ಹಿಡಿದು ನಿಂತಿದ್ದ. "ಯಜಮಾನ್ರ, ಇದನ್ನೊಂದ ಕಳಿಸಿದ್ರ ಮುಂಜಾನೆನ ಮುಟ್ಟತಿತ್ತಲ್ರೀ," ಎಂದ. ಅಷ್ಟು ತಿಂಗಳಲ್ಲಿ ದಾರಿ ತಪ್ಪಿದ ಬುತ್ತಿ ಅದೊಂದೇ. ನಾನು ಕಾವಲಿದ್ದದ್ದೂ ಅದೊಂದಕ್ಕೇ.