ಹೊನ್ನಗುಟ್ಟೆಯ ಸರ್ವಾಂಗಾಸನ

ಜಯಕುಮಾರನ ಕಷ್ಟಕ್ಕೆ ಮೂಲ ಅವನ ಅಚ್ಚುಕಟ್ಟುತನ. ಯೋಗದ ತರಗತಿಯಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಲ್ಲಿ ಎಂದರೆ ಉಳಿದ ಶಿಷ್ಯರು ಸೂರ್ಯನಿದ್ದ ಕಡೆ ತಿರುಗುತ್ತಿದ್ದರು. ಅವನು ಮೊಬೈಲಿನ ದಿಕ್ಸೂಚಿ ತೆರೆದು, ಅದು ತೊಂಬತ್ತು ಡಿಗ್ರಿ ತೋರಿಸುವವರೆಗೆ ತಿರುಗುತ್ತಿದ್ದ.

ದೊಡ್ಡಬಳ್ಳಾಪುರದ ಯೋಗ ಶಿಕ್ಷಕಿ ಪ್ರಮೋದಾ ಮೇಡಂ ಆ ಬುಧವಾರ ಹತ್ತು ಜನ ಶಿಷ್ಯರನ್ನು ಹೃಷೀಕೇಶಕ್ಕೆ ಕರೆದೊಯ್ಯುವವರಿದ್ದರು. ಷರತ್ತು ಒಂದೇ: ಹೊರಡುವ ಮೊದಲು ಸುತ್ತಮುತ್ತಲ ಐದು ಪುಣ್ಯಕ್ಷೇತ್ರಗಳಲ್ಲಿ ಹನ್ನೆರಡು ಸೂರ್ಯನಮಸ್ಕಾರ ಮಾಡಿ ವಿಡಿಯೊ ಕಳಿಸಬೇಕು. ಭಾನುವಾರ ಮಧ್ಯಾಹ್ನದೊಳಗೆ ಐದನೆಯದು ಬಾರದಿದ್ದರೆ ಆ ಸೀಟು ಇನ್ನೊಬ್ಬರಿಗೆ. ಈ ಯಾತ್ರೆಗಾಗಿ ಜಯಕುಮಾರ್ ಎರಡು ವರ್ಷ ಕಾದು ರಜೆ ಮಂಜೂರು ಮಾಡಿಸಿಕೊಂಡಿದ್ದ. ನಾಲ್ಕು ಕ್ಷೇತ್ರ ಮುಗಿದಿದ್ದವು. ಆದರೆ ನಂದಿಬೆಟ್ಟದ ವಿಡಿಯೊದಲ್ಲಿ ಅವನಿಗಿಂತ ಸೆಲ್ಫಿ ತೆಗೆಯುವವರ ಬೆನ್ನುಗಳೇ ಹೆಚ್ಚಾಗಿ ಕಾಣಿಸಿದ್ದವು. ಐದನೆಯದಕ್ಕೆ ಜನರಿಲ್ಲದ ಜಾಗ ಬೇಕಿತ್ತು.

ಅದು ಸಿಕ್ಕಿದ್ದು ಅವನ ಮೇಜಿನ ಮೇಲಿನ ಕಡತದಲ್ಲಿ. ಅವನು ಭೂಮಾಪನ ಕಚೇರಿಯೊಂದರ ಗುಮಾಸ್ತ. ‘ಹೊನ್ನಗುಟ್ಟೆ: ಬಂಡೆ, ಬಸವಣ್ಣನ ಗುಡಿ, ನಾಲ್ಕು ಗುಂಟೆ, ಗುಟ್ಟೆಯ ಮೇಲೆ ಜನವಸತಿ ಇಲ್ಲ.’ ಆ ಕಡತ ಆರು ತಿಂಗಳಿಂದ ಏಕೆ ಅಲ್ಲೇ ಕೂತಿದೆ ಎಂದು ಅವನು ಯೋಚಿಸಲಿಲ್ಲ.

ಪಕ್ಕದ ತಾಲ್ಲೂಕಿನ ಚನ್ನರಾಯಪಟ್ಟಣದ ಕಡೆ ಹೋಗುವ ಬಸ್ಸಿನಿಂದಿಳಿದು ಭಾನುವಾರ ಬೆಳಿಗ್ಗೆ ಏಳಕ್ಕೆ ಗುಟ್ಟೆ ಹತ್ತಿದ. ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ ಮೊಬೈಲ್ ಸಿಕ್ಕಿಸಿದ. ಹನ್ನೆರಡು ಹೆಜ್ಜೆ ಎಣಿಸಿ ಹಿಂದೆ ಸರಿದ. ಚಾಪೆಯ ನಾಲ್ಕು ಮೂಲೆಗೆ ಬಂಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದ.

ಕೆಳಗಿನ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ಬೈರೇಶ್ ಇದಿಷ್ಟನ್ನೂ ನೋಡಿದ. ಅಳೆದರೆ ಜಮೀನು ಸರ್ಕಾರದ ಪಾಲಾಗುತ್ತದೆಂದು ಹೆದರಿ, ಊರಿನ ಜಮೀನಿಗೆ ಅಳತೆಗೋಲು ಮುಟ್ಟಿಸುವುದಿಲ್ಲವೆಂದು ಹೊನ್ನಗುಟ್ಟೆಯವರು ಆರು ತಿಂಗಳ ಹಿಂದೆ ಬಸವಣ್ಣನ ಮುಂದೆ ಆಣೆ ಮಾಡಿದ್ದರು. ಬೈರೇಶ್ ಓಡಿಬಂದು ಗುಡಿಯ ಗಂಟೆ ಬಾರಿಸಿದ. ಹನ್ನೆರಡನೆಯ ನಮಸ್ಕಾರ ಮುಗಿಸಿ ಜಯಕುಮಾರ್ ಕಣ್ಣು ತೆರೆದಾಗ ಸುತ್ತ ಮೂವತ್ತು ಜನ, ಅವರಲ್ಲಿ ನಾಲ್ವರ ಕೈಯಲ್ಲಿ ಕುಡುಗೋಲು.

“ಯಾವೂರಪ್ಪಾ?” ಎಂದರು ಊರಿನ ಹಿರಿಯ ವೆಂಕಟರಾಯಪ್ಪ.

“ದೊಡ್ಡಬಳ್ಳಾಪುರ. ಯೋಗ ಮಾಡೋಕೆ ಬಂದೆ.”

“ಅಲ್ಲಿ ಜಾಗ ಇಲ್ವಾ?”

“ಮಗ್ಗದ ಸದ್ದು ಯಜಮಾನ್ರೇ.”

“ಸದ್ದಿಗೆ ಹೆದ್ರಿ ಮೂರು ಕಾಲಿನ ಮಿಷನ್ ತಂದವ್ನೆ,” ಎಂದ ಬೈರೇಶ್. “ಹೆಜ್ಜೆ ಎಣಿಸ್ದ, ಗುರ್ತು ಹಾಕ್ದ, ನಾನೇ ನೋಡ್ದೆ. ಇವನು ಸರ್ವೆಯೋನು ಕಣಣ್ಣೋ.”

ಕಚೇರಿಯ ಗುರುತಿನ ಚೀಟಿಯನ್ನು ಭಾನುವಾರವೂ ಜುಬ್ಬದ ಎದೆಜೇಬಿನಲ್ಲಿ ಇಟ್ಟುಕೊಳ್ಳುವಷ್ಟು ಅಚ್ಚುಕಟ್ಟಿನ ಮನುಷ್ಯ ಜಯಕುಮಾರ್.

“ಏನ್ ಕೆಲ್ಸ ನಿಂದು?” ಎಂದರು ವೆಂಕಟರಾಯಪ್ಪ.

“ಬರ್ಕೊಂಡಿರೋದು.”

“ಏನ್ ಬರೀತೀಯಾ?”

“ಹೇಳಿದ್ದನ್ನ.”

ಜನ ಒಂದು ಹೆಜ್ಜೆ ಹತ್ತಿರ ಬಂದರು. ಆಗ ಮುದುಕಿ ಅಕ್ಕಯ್ಯಮ್ಮ ಮುಂದೆ ಬಂದಳು. “ಕೇಳಿದ್ರೆ ಯಾರ್ ನಿಜ ಹೇಳ್ತಾರೆ? ಕಾಲು ಮೇಲೆ ಮಾಡ್ಸಿ. ಯೋಗದೋನಾದ್ರೆ ನಿಲ್ತಾನೆ. ಕಳ್ಳನಾದ್ರೆ ಜೇಬಲ್ಲಿರೋದೆಲ್ಲ ಉದುರ್ತದೆ.”

ಬೇರೆ ದಾರಿಯಿರಲಿಲ್ಲ. ಜಯಕುಮಾರ್ ಅಂಗಾತ ಮಲಗಿ, ಸೊಂಟಕ್ಕೆ ಕೈಕೊಟ್ಟು, ಭುಜದ ಮೇಲೆ ನಿಂತು ಎರಡೂ ಕಾಲನ್ನು ಆಕಾಶಕ್ಕೆ ಎತ್ತಿದ. ಮೊದಲು ಬಾಚಣಿಗೆ ಬಿತ್ತು. ನಂತರ ಬಸ್ ಟಿಕೆಟ್, ಕಡಲೆಬೀಜದ ಪೊಟ್ಟಣ. ಮೂರನೆಯ ನಿಮಿಷಕ್ಕೆ ಎದೆಜೇಬಿನಿಂದ ಗುರುತಿನ ಚೀಟಿ ಇಲಿಮರಿಯಂತೆ ಮೆಲ್ಲಗೆ ಜಾರಿ ಗಂಟಲಿಗೆ ಬಂತು. ಅವನು ಅದನ್ನು ಗದ್ದದಿಂದ ಒತ್ತಿ ಹಿಡಿದ. ಪುಣ್ಯಕ್ಕೆ ಜುಬ್ಬದ ಅಂಚು ಜಾರಿ ಬಂದು ಅದನ್ನು ಮುಚ್ಚಿತು.

“ಯಾರ್ ಕಳ್ಸಿದ್ದು ನಿನ್ನ?” ಎಂದು ಬೈರೇಶ್ ಬಗ್ಗಿ ಕೇಳಿದ.

ಬಾಯಿ ತೆರೆದರೆ ಗದ್ದ ಸಡಿಲವಾಗುತ್ತಿತ್ತು. ಜಯಕುಮಾರ್ ಇನ್ನಷ್ಟು ಗಟ್ಟಿಯಾಗಿ ಒತ್ತಿದ.

“ಎಷ್ಟು ಎಕರೆ ಅಳೆದ್ರಿ?”

ಅವನ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು, ಕಣ್ಣಲ್ಲಿ ನೀರಿಳಿಯಿತು. ಹತ್ತು ನಿಮಿಷವಾಯಿತು.

“ಸುಮ್ನಿರ್ಲಾ ಬೈರೇಶ,” ಎಂದರು ವೆಂಕಟರಾಯಪ್ಪ, ದನಿ ತಗ್ಗಿಸಿ. “ಸರ್ಕಾರದೋರು ಇಷ್ಟು ಕಷ್ಟ ಪಡಲ್ಲ.”

ಆ ಮಾತು ಎಲ್ಲರಿಗೂ ಒಪ್ಪಿಗೆಯಾಯಿತು. ಜಯಕುಮಾರ್ ಪಕ್ಕಕ್ಕೆ ಉರುಳಿ, ಚೀಟಿಯನ್ನು ಎರಡು ಅಂಗೈಗಳ ನಡುವೆ ಸೇರಿಸಿ, ಕೈಮುಗಿದು ಎದ್ದು ನಿಂತ. ಮುಗಿದ ಕೈಯನ್ನು ಬಿಡುವಂತಿರಲಿಲ್ಲ. ಬೈರೇಶ್ ತಂದ ಕನಕಾಂಬರದ ಹಾರಕ್ಕೆ ಹಾಗೆಯೇ ಕುತ್ತಿಗೆ ಒಡ್ಡಿದ. ಮಜ್ಜಿಗೆ ಬಂದಾಗಲೂ ಕೈ ಚಾಚಲಿಲ್ಲ.

“ಎಷ್ಟು ವಿನಯ ನೋಡು,” ಎಂದು ಅಕ್ಕಯ್ಯಮ್ಮ ತಾನೇ ಅವನ ಬಾಯಿಗೆ ಮಜ್ಜಿಗೆ ಹುಯ್ದಳು. ಬೈರೇಶ್ ಫೋಟೊ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ: ‘ಹೊನ್ನಗುಟ್ಟೆಗೆ ಬಂದ ಯೋಗಿ.’

ಬಸ್ ನಿಲ್ದಾಣದವರೆಗೂ ಜನ ಬಂದರು. ಚೀಟಿಯನ್ನು ಚಾಪೆಯೊಳಗೆ ಸುತ್ತಿಟ್ಟು ಜಯಕುಮಾರ್ ವಿಡಿಯೊ ಕಳಿಸಿದಾಗ ಹನ್ನೊಂದೂವರೆ. ‘ನಿಮ್ಮ ಸೀಟು ಖಚಿತ’ ಎಂದು ಪ್ರಮೋದಾ ಮೇಡಂ ಅವರ ಉತ್ತರ ಬಂತು. ಅವನು ದೀರ್ಘವಾಗಿ ಉಸಿರು ಬಿಟ್ಟ.

ಫೋನ್ ಬಂತು. ಕಚೇರಿಯ ಮೇಲಧಿಕಾರಿ ಕಾಂತರಾಜು.

“ಏನ್ರೀ ಜಯಕುಮಾರ್, ಆ ಊರಿನ ಗುಂಪಲ್ಲಿ ನಮ್ಮೋರೊಬ್ರು ಇದ್ದಾರೆ. ಫೋಟೊ ನೋಡ್ದೆ. ಆರು ತಿಂಗಳಿಂದ ನಮ್ಮ ಜೀಪನ್ನ ಬಸ್‌ಸ್ಟಾಪ್ ದಾಟೋಕೆ ಬಿಟ್ಟಿಲ್ಲ ಅವರು. ನಿಮ್ಮ ಬಾಯಿಗೆ ಮಜ್ಜಿಗೆ ಹುಯ್ತಾವ್ರಲ್ರೀ.”

“ಸಾರ್, ನಾನು ಯೋಗಕ್ಕೆ...”

“ಅದೇ ಬೇಕಾಗಿರೋದು. ರಜೆ ರದ್ದು. ಸೋಮವಾರ ಹತ್ತು ಗಂಟೆಗೆ ಅಳತೆ ತಂಡ ಹೊರಡುತ್ತೆ. ಜೀಪಿನ ಮುಂದಿನ ಸೀಟಲ್ಲಿ ನೀವು. ಆ ಹಾರ ಹಾಕ್ಕೊಂಡೇ ಬನ್ನಿ.”

ಬಸ್ಸು ಬಂತು. ಅಕ್ಕಯ್ಯಮ್ಮ ಕಿಟಕಿಯ ಸರಳು ಹಿಡಿದು ಕೇಳಿದಳು: “ಸ್ವಾಮೀ, ಮತ್ತೆ ಯಾವತ್ತು ಬರ್ತೀಯಾ?”

ಯಾವೂರು ಎಂಬುದನ್ನು ಬಿಟ್ಟರೆ, ಬೆಳಗಿನಿಂದ ಆ ಊರು ಕೇಳಿದ ಪ್ರಶ್ನೆಗಳಲ್ಲಿ ಜಯಕುಮಾರ್ ಪೂರ್ತಿ ನಿಜ ಹೇಳಿದ್ದು ಇದೊಂದಕ್ಕೆ.

“ನಾಳೇನೇ ಬರ್ತೀನಮ್ಮಾ.”